ಬಸ್ ದರ ಏರಿಕೆಯ ಸಮರ್ಥನೆಯ ಜೊತೆಗೆ ಲೆಕ್ಕವನ್ನೂ ಕೊಡಿ

ಮಾನ್ಯ ಸಂಪಾದಕರೇ,

ಬಸ್ ಪ್ರಯಾಣ ದರ, ಹಾಲಿನ ದರ, ವಿದ್ಯುತ್ ದರ, ಡೀಸೆಲ್ ಮೇಲಿನ ಮಾರಾಟ ತೆರಿಗೆ, ಇವುಗಳಲ್ಲಿ ಯಾವುದು ಏರಿದರೂ ಆಡಳಿತ ಪಕ್ಷದ ಶಾಸಕರು ಸದನದಲ್ಲಿ, ಟಿ.ವಿ. ಚರ್ಚೆಗಳಲ್ಲಿ, ಊರೂರಿನ ಸಭೆಗಳಲ್ಲಿ ಸರ್ಕಾರದ ಪರವಾಗಿ ಮಾತನಾಡುವುದನ್ನು ನಾವು ವರ್ಷಗಳಿಂದ ಕೇಳುತ್ತ ಬಂದಿದ್ದೇವೆ. ಹಾಗೆ ಮಾತನಾಡುವುದು ಅವರ ಹಕ್ಕು, ಒಂದರ್ಥದಲ್ಲಿ ಕರ್ತವ್ಯವೂ ಹೌದು. ತಾವು ಬೆಂಬಲಿಸುವ ಸರ್ಕಾರದ ತೀರ್ಮಾನವನ್ನು ಜನರ ಮುಂದೆ ನಿಂತು ವಿವರಿಸುವ ಶಾಸಕರ ಬಗ್ಗೆ ನನಗೆ ಗೌರವವಿದೆ. ದರ ಏರಿದ ವಾರ ಫೋನ್ ಎತ್ತದೆ ಕೂರುವವರಿಗಿಂತ ಅವರು ಎಷ್ಟೋ ಮೇಲು. ನನ್ನ ಆಕ್ಷೇಪಣೆ ಇರುವುದು ಅವರು ಕೊಡುವ ಉತ್ತರದ ಬಗ್ಗೆ. ಬಸ್ ದರದ ವಿಷಯದಲ್ಲಂತೂ ಆ ಉತ್ತರ ಅರ್ಧಕ್ಕೇ ನಿಲ್ಲುತ್ತಿದೆ. ಉಳಿದ ಅರ್ಧವನ್ನು ಹೇಳಬೇಕಾದವರೂ ಅವರೇ ಆಗಿರುವುದರಿಂದ ಈ ಪತ್ರವನ್ನು ಬರೆಯುತ್ತಿದ್ದೇನೆ.

ಮೊದಲು ಒಪ್ಪಬೇಕಾದದ್ದನ್ನು ಒಪ್ಪುತ್ತೇನೆ. 2025ರ ಜನವರಿ 2ರಂದು ರಾಜ್ಯ ಸಚಿವ ಸಂಪುಟವು ಕರ್ನಾಟಕದ ನಾಲ್ಕೂ ರಸ್ತೆ ಸಾರಿಗೆ ನಿಗಮಗಳ ಪ್ರಯಾಣ ದರವನ್ನು ಶೇ 15ರಷ್ಟು ಹೆಚ್ಚಿಸಲು ತೀರ್ಮಾನಿಸಿತು, ಮತ್ತು ಆ ದರ ಅದೇ ತಿಂಗಳ 5ರಿಂದ ಜಾರಿಗೆ ಬಂತು. ಬೆಂಗಳೂರು ನಗರದ ಬಸ್ಸುಗಳನ್ನು ನಡೆಸುವ ಬಿಎಂಟಿಸಿಯಲ್ಲಿ ಅದಕ್ಕೆ ಮೊದಲು ಸುಮಾರು ಹತ್ತು ವರ್ಷ ದರ ಏರಿರಲಿಲ್ಲ. ಉಳಿದ ಮೂರು ನಿಗಮಗಳಲ್ಲಿ 2020ರ ನಂತರ ಏರಿರಲಿಲ್ಲ. ಈ ಅವಧಿಯಲ್ಲಿ ನಾಲ್ಕು ನಿಗಮಗಳ ದಿನವೊಂದರ ಡೀಸೆಲ್ ವೆಚ್ಚ ಸುಮಾರು 9 ಕೋಟಿ ರೂಪಾಯಿಯಿಂದ 13 ಕೋಟಿಗೆ ಏರಿದೆ, ಸಿಬ್ಬಂದಿ ವೆಚ್ಚವೂ ಅದೇ ರೀತಿ ಏರಿದೆ ಎಂದು ಸರ್ಕಾರ ಹೇಳಿತು. ಇದರಲ್ಲಿ ಅಪನಂಬಿಕೆ ಪಡಬೇಕಾದದ್ದು ಏನೂ ಇಲ್ಲ. ಚಾಲಕರು ಮತ್ತು ನಿರ್ವಾಹಕರ ವೇತನ ಪರಿಷ್ಕರಣೆಯ 38 ತಿಂಗಳ ಹಿಂಬಾಕಿಯ ಬೇಡಿಕೆ ಬಹಳ ಕಾಲದಿಂದ ಸರ್ಕಾರದ ಮುಂದಿತ್ತು. ಅದನ್ನೇ ಮುಂದಿಟ್ಟುಕೊಂಡು 2025ರ ಆಗಸ್ಟ್‌ನಲ್ಲಿ ನೌಕರರು ಬಸ್ಸುಗಳನ್ನೂ ನಿಲ್ಲಿಸಿದರು. ಹತ್ತು ವರ್ಷ ಹಳೆಯ ದರದಲ್ಲಿ ಹೊಸ ಬಸ್ಸು ಕೊಳ್ಳುವುದು, ಸಂಬಳ ಕೊಡುವುದು, ಭವಿಷ್ಯ ನಿಧಿ ಕಟ್ಟುವುದು ಯಾವ ನಿಗಮಕ್ಕೂ ಸಾಧ್ಯವಿಲ್ಲ ಎಂಬುದು ಲೆಕ್ಕ ಬಲ್ಲ ಯಾರಿಗಾದರೂ ಅರ್ಥವಾಗುತ್ತದೆ. ಸಹಕಾರ ಸಂಘಗಳ ಲೆಕ್ಕ ತಪಾಸಣೆಯಲ್ಲೇ ನೌಕರಿ ಕಳೆದವನಾದ್ದರಿಂದ ಈ ಮಾತನ್ನು ವಾದಕ್ಕಾಗಿ ಆಡುತ್ತಿಲ್ಲ.

ಹೀಗಿರುವಾಗ ಶಾಸಕರ ಸಮರ್ಥನೆ ಅರ್ಧಕ್ಕೆ ನಿಲ್ಲುವುದು ಎಲ್ಲಿ? ಡೀಸೆಲ್ ವೆಚ್ಚ ಏರಿದೆ ಎನ್ನುವ ಮಾತಿನಲ್ಲೇ ಅದು ಶುರುವಾಗುತ್ತದೆ. 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 14.34ರಿಂದ ಶೇ 18.44ಕ್ಕೆ ಏರಿಸಿತು. ಬಸ್ ದರ ಏರಿಸಿ ಮೂರು ತಿಂಗಳು ತುಂಬುವ ಮೊದಲೇ, 2025ರ ಏಪ್ರಿಲ್ 1ರಿಂದ, ಅದನ್ನು ಶೇ 21.17ಕ್ಕೆ ಒಯ್ಯಲಾಯಿತು, ಲೀಟರಿಗೆ 2 ರೂಪಾಯಿ ಹೆಚ್ಚಾಯಿತು. ಆ ತಿಂಗಳ ಮಧ್ಯದಲ್ಲಿ ಲಾರಿ ಮಾಲೀಕರು ಮುಷ್ಕರ ಹೂಡಿದ್ದಕ್ಕೆ ಇದೂ ಒಂದು ಕಾರಣವಾಗಿತ್ತು. ಆಗ ಶಾಸಕರು ಕೊಟ್ಟ ಉತ್ತರ, ನಮ್ಮ ಡೀಸೆಲ್ ದರ ನೆರೆಯ ರಾಜ್ಯಗಳಿಗಿಂತ ಈಗಲೂ ಕಡಿಮೆ ಎಂಬುದು. ಇರಬಹುದು. ಆದರೆ ಸಾರಿಗೆ ನಿಗಮದ ಬಸ್ಸು ಕುಡಿಯುವ ಡೀಸೆಲ್ ಮೇಲೂ ಅದೇ ತೆರಿಗೆ ಬೀಳುತ್ತದೆ. ಡೀಸೆಲ್ ದುಬಾರಿಯಾಗಿದೆ ಎಂದು ಪ್ರಯಾಣಿಕನಿಂದ ಹೆಚ್ಚು ಹಣ ಪಡೆದ ಸರ್ಕಾರವೇ ಆ ಡೀಸೆಲ್ಲನ್ನು ಇನ್ನಷ್ಟು ದುಬಾರಿ ಮಾಡಿದೆ. ದರ ಏರಿಕೆಯಿಂದ ನಿಗಮಕ್ಕೆ ಬಂದ ಹಣದಲ್ಲಿ ಎಷ್ಟು ಭಾಗ ತೆರಿಗೆಯ ರೂಪದಲ್ಲಿ ತಿರುಗಿ ಖಜಾನೆಗೆ ಹೋಯಿತು ಎಂಬ ಪ್ರಶ್ನೆಗೆ ಒಬ್ಬ ಶಾಸಕರಾದರೂ ಉತ್ತರ ಕೊಟ್ಟಿದ್ದನ್ನು ನಾನು ಕೇಳಿಲ್ಲ. ನಿಗಮಗಳು ಕೊಳ್ಳುವ ಡೀಸೆಲ್ ಮೇಲಿನ ತೆರಿಗೆಯನ್ನು ಇಳಿಸುವುದೋ, ಆ ಮೊತ್ತವನ್ನು ನಿಗಮಗಳಿಗೇ ಮರಳಿಸುವುದೋ ಸಾಧ್ಯವೇ ಎಂಬ ಚರ್ಚೆಯಾದರೂ ನಡೆಯಬೇಕಿತ್ತು.

ಎರಡನೆಯದು, ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣ ಕೊಡುವ ಶಕ್ತಿ ಯೋಜನೆಯ ಲೆಕ್ಕ. ಇದರ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಬರೆಯಬೇಕಾಗಿದೆ, ಏಕೆಂದರೆ ಸಮರ್ಥಿಸುವವರೂ ವಿರೋಧಿಸುವವರೂ ಇಲ್ಲಿಯೇ ಹೆಚ್ಚು ಅಡ್ಡದಾರಿ ಹಿಡಿಯುತ್ತಾರೆ.

2023ರ ಜೂನ್ 11ರಂದು ಶುರುವಾದ ಈ ಯೋಜನೆಯನ್ನು ನಾನು ಮನಸಾರೆ ಬೆಂಬಲಿಸುತ್ತೇನೆ. ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು, ಆಸ್ಪತ್ರೆಗೆ ಹೋಗಲು ಮಗನ ಕೈ ಕಾಯಬೇಕಾಗಿದ್ದ ವೃದ್ಧೆಯರು, ದೂರದ ಕಾಲೇಜಿಗೆ ಸೇರಲು ಈಗ ಮನೆಯಲ್ಲಿ ಅನುಮತಿ ಪಡೆದಿರುವ ಹುಡುಗಿಯರು ನಮ್ಮ ಬೀದಿಯಲ್ಲಿಯೇ ಇದ್ದಾರೆ. 2025ರ ಜುಲೈನಲ್ಲಿ 500 ಕೋಟಿಯನೇ ಶೂನ್ಯ ಟಿಕೆಟ್ಟನ್ನು, ಅಂದರೆ ಈ ಯೋಜನೆಯಡಿ ಮಹಿಳೆಯರಿಗೆ ಕೊಡುವ ಉಚಿತ ಟಿಕೆಟ್ಟನ್ನು, ಮುಖ್ಯಮಂತ್ರಿ ಸಿದ್ದರಾಮಯ್ಯನವರು ತಾವೇ ವಿತರಿಸಿದರು. ಬಳಿಕ ಆಂಧ್ರ ಪ್ರದೇಶವೂ ಇಂಥದೇ ಯೋಜನೆಯನ್ನು ತಂದಿತು. ಹೆಂಗಸರು ಪುಕ್ಕಟೆ ಓಡಾಡುವುದರಿಂದ ಗಂಡಸರ ಟಿಕೆಟ್ ದರ ಏರಿತು ಎಂದು ಬಸ್ಸಿನಲ್ಲಿ ನಿಂತು ಗೊಣಗುವವರ ಮಾತು ಸರಿಯಲ್ಲ, ಸಭ್ಯವೂ ಅಲ್ಲ. ಶೂನ್ಯ ಟಿಕೆಟ್ಟಿಗೂ ಬೆಲೆ ಇದೆ. ಟಿಕೆಟ್ ಕೊಡುವ ಇಟಿಎಂ ಯಂತ್ರದಲ್ಲಿ ನಿರ್ವಾಹಕರು ಹತ್ತಿದ ಸ್ಟೇಜು, ಇಳಿಯುವ ಸ್ಟೇಜು ಒತ್ತಿ ಚೀಟಿ ಹರಿದು ಕೊಟ್ಟ ಕ್ಷಣದಲ್ಲಿ ಆ ಪ್ರಯಾಣದ ದರ ಲೆಕ್ಕಕ್ಕೆ ಬರುತ್ತದೆ, ಮತ್ತು ಅದನ್ನು ಸರ್ಕಾರ ನಿಗಮಕ್ಕೆ ಭರಿಸಬೇಕು. ಅಂದರೆ ಇಂದು ರಾಜ್ಯದ ಸಾಮಾನ್ಯ ಬಸ್ಸುಗಳಲ್ಲಿ ಅತಿ ಹೆಚ್ಚು ಟಿಕೆಟ್ ಕೊಳ್ಳುವ ಗಿರಾಕಿ ರಾಜ್ಯ ಸರ್ಕಾರವೇ.

ಆ ಗಿರಾಕಿ ದುಡ್ಡನ್ನು ಹೊತ್ತಿಗೆ ಸರಿಯಾಗಿ ಕೊಡುತ್ತಿಲ್ಲ. ನಿಗಮಗಳಿಗೆ ಯೋಜನೆಯ ಹಣ ಬಾಕಿ ಉಳಿದಿರುವುದನ್ನು ಸದನದ ಉತ್ತರಗಳಲ್ಲಿಯೇ ಒಪ್ಪಲಾಗಿದೆ. ಇಂಧನದ ಬಿಲ್ಲು ಮತ್ತು ಭವಿಷ್ಯ ನಿಧಿಯ ಬಾಕಿ ತೀರಿಸಲು ನಾಲ್ಕು ನಿಗಮಗಳು 2,000 ಕೋಟಿ ರೂಪಾಯಿ ಸಾಲ ಎತ್ತಲು 2025ರ ಆರಂಭದಲ್ಲಿ ಸರ್ಕಾರ ಒಪ್ಪಿಗೆ ಕೊಟ್ಟಿತು. ಊರಿನ ಅಂಗಡಿಯಲ್ಲಿ ಖಾತೆ ಬರೆಸಿ ಸಾಮಾನು ಒಯ್ಯುವ ದೊಡ್ಡ ಮನೆಯವರು ತಿಂಗಳುಗಟ್ಟಲೆ ಬಾಕಿ ತೀರಿಸದಿದ್ದರೆ ಅಂಗಡಿಯವನು ಕೈಸಾಲ ಮಾಡಿ ಸರಕು ತರುತ್ತಾನೆ, ಕೊನೆಗೆ ನಗದು ಕೊಟ್ಟು ಕೊಳ್ಳುವವರ ಬೆಲೆ ಏರಿಸುತ್ತಾನೆ. ಬಸ್ಸಿನಲ್ಲಿ ನಗದು ಕೊಡುವವರು ಯಾರು? ಕೂಲಿಗೆ ಹೋಗುವ ಗಂಡಸರು, ಪಾಸ್ ಇಲ್ಲದ ಯುವಕರು, ಶಕ್ತಿ ಯೋಜನೆ ಅನ್ವಯಿಸದ ರಾಜಹಂಸದಲ್ಲೋ ಅಂತರರಾಜ್ಯ ಬಸ್ಸಿನಲ್ಲೋ ಹೋಗುವ ಎಲ್ಲರೂ.

ಇದರ ಜೊತೆಗೆ ಇನ್ನೊಂದು ಲೆಕ್ಕವಿದೆ. ಶಕ್ತಿ ಯೋಜನೆಗೆ 2024-25ರಲ್ಲಿ 5,015 ಕೋಟಿ ರೂಪಾಯಿಯನ್ನು ತೋರಿಸಲಾಗಿತ್ತು. 2025-26ರ ಬಜೆಟ್‌ನಲ್ಲಿ 5,300 ಕೋಟಿ ಎಂದು ಘೋಷಿಸಲಾಯಿತು. ಹೆಚ್ಚಳ ಶೇ 6ನ್ನೂ ಮುಟ್ಟುವುದಿಲ್ಲ. ಈ ಎರಡು ವರ್ಷಗಳ ನಡುವೆ ಟಿಕೆಟ್ ದರ ಶೇ 15ರಷ್ಟು ಏರಿದೆ, ಶೂನ್ಯ ಟಿಕೆಟ್‌ನ ಮೌಲ್ಯವೂ ಅದೇ ಪ್ರಮಾಣದಲ್ಲಿ ಏರಬೇಕು, ಓಡಾಡುವ ಮಹಿಳೆಯರ ಸಂಖ್ಯೆ ಕಡಿಮೆಯಾದ ಸುದ್ದಿಯೂ ಇಲ್ಲ. ಹಾಗಾದರೆ ಉಳಿದ ವ್ಯತ್ಯಾಸವನ್ನು ಯಾರು ಭರಿಸುತ್ತಾರೆ? ದರ ಏರಿಕೆಯನ್ನು ಪ್ರಯಾಣಿಕನ ಜೇಬಿಗೆ ಪೂರ್ತಿ ಅನ್ವಯಿಸಿ, ಸರ್ಕಾರದ ಪಾಲಿಗೆ ಮಾತ್ರ ಅರೆಬರೆ ಅನ್ವಯಿಸಿದ್ದರೆ ಅದನ್ನು ನ್ಯಾಯ ಎನ್ನಲಾಗದು. ನನ್ನ ಲೆಕ್ಕದಲ್ಲಿ ತಪ್ಪಿದ್ದರೆ ಯಾವ ಶಾಸಕರಾದರೂ ಇದೇ ಅಂಕಣದಲ್ಲಿ ಅಂಕಿ ಅಂಶ ಕೊಟ್ಟು ಸರಿಪಡಿಸಲಿ, ಸಂತೋಷದಿಂದ ಓದುತ್ತೇನೆ.

ನಮ್ಮ ಭಾಗದ ಒಂದು ಜನಸ್ಪಂದನ ಸಭೆಯಲ್ಲಿ ನಾನು ಕಂಡದ್ದನ್ನು ಇಲ್ಲಿ ಹೇಳಬೇಕು. ಶಾಸಕರೊಬ್ಬರು ದರ ಏರಿಕೆಯನ್ನು ತಾಳ್ಮೆಯಿಂದ ವಿವರಿಸಿದರು, ಶೂನ್ಯ ಟಿಕೆಟ್‌ಗಳ ಸಂಖ್ಯೆ ಹೇಳಿದರು, ಚಪ್ಪಾಳೆಯೂ ಬಂತು. ಆಮೇಲೆ ಸೇವಂತಿಗೆ ಕುಕ್ಕೆ ಹೊತ್ತು ಪೇಟೆಗೆ ಹೋಗುವ ಹೆಂಗಸೊಬ್ಬರು ಎದ್ದು ನಿಂತರು. “ಟಿಕೆಟ್ಟಿಗೆ ದುಡ್ಡು ಬೇಡ, ನಿಜ ಸ್ವಾಮಿ. ಆರೂಕಾಲಿನ ಬಸ್ಸು ಬರ್ಲಿಲ್ಲ ಅಂದ್ರೆ ಆಟೋಗೆ ಕೊಡ್ಬೇಕು, ಕುಕ್ಕೆಗೂ ಸೇರಿಸಿ ಕೇಳ್ತಾರೆ. ಎಂಟು ಗಂಟೆ ಮೇಲೆ ಹೂವು ತಗೊಂಡೋದ್ರೆ ಯಾರು ತಗೋತಾರೆ?” ಎಂದು ಕೇಳಿದರು. ಶಾಸಕರು ಸಿಡಿಮಿಡಿಗೊಳ್ಳಲಿಲ್ಲ, ಡಿಪೊ ಮ್ಯಾನೇಜರಿಗೆ ಹೇಳುತ್ತೇನಮ್ಮ ಎಂದು ಬರೆದುಕೊಂಡರು. ಆದರೆ ಅವರ ಕೈಯಲ್ಲಿದ್ದ ಹಾಳೆಯಲ್ಲಿ ಎಷ್ಟು ಟಿಕೆಟ್ ಹರಿದಿದೆ ಎಂಬ ಲೆಕ್ಕವಿತ್ತೇ ಹೊರತು ಆ ತಾಲ್ಲೂಕಿನಲ್ಲಿ ಎಷ್ಟು ಶೆಡ್ಯೂಲ್ ಇವೆ, ಅವುಗಳಲ್ಲಿ ಎಷ್ಟು ಟ್ರಿಪ್ಪು ರದ್ದಾಗುತ್ತಿವೆ, ಏಕೆ ರದ್ದಾಗುತ್ತಿವೆ ಎಂಬ ಲೆಕ್ಕವಿರಲಿಲ್ಲ. ಬಸ್ಸಿನ ಮಟ್ಟಿಗೆ ಬಳಕೆದಾರನ ಹಿತ ಎಂದರೆ ದರ ಎಷ್ಟು ಎಂಬುದರಷ್ಟೇ, ಬಸ್ಸು ಬರುತ್ತದೆಯೇ ಎಂಬುದೂ ಸೇರುತ್ತದೆ. ಹೂವು ಮಾರುವ ಆ ತಾಯಿಗೆ ಮೊದಲನೆಯದಕ್ಕಿಂತ ಎರಡನೆಯದೇ ಮುಖ್ಯವಾಗಿತ್ತು. ಅವರು ಪುಕ್ಕಟೆ ಪ್ರಯಾಣಿಕರಾದ್ದರಿಂದ ಸೇವೆಯ ಗುಣಮಟ್ಟ ಕೇಳುವ ಹಕ್ಕು ಅವರಿಗೆ ಕಡಿಮೆ ಎಂಬ ಭಾವನೆ ಅಧಿಕಾರಿಗಳಲ್ಲಿ ಮೂಡಿದ್ದರೆ ಅದನ್ನು ಶಾಸಕರೇ ತಿದ್ದಬೇಕು, ಏಕೆಂದರೆ ಅವರ ಟಿಕೆಟ್ಟಿನ ಹಣವನ್ನು ಮಂಜೂರು ಮಾಡಿದ್ದು ಶಾಸಕರೇ ಕೂತಿರುವ ಸದನ.

ಇನ್ನು ನೆರೆಯ ರಾಜ್ಯಗಳ ಹೋಲಿಕೆ. ಮಹಾರಾಷ್ಟ್ರವು ನಮ್ಮ ಹಿಂದೆಯೇ, 2025ರ ಜನವರಿ ಕೊನೆಯಲ್ಲಿ, ತನ್ನ ಬಸ್ ದರವನ್ನು ಶೇ 14.95ರಷ್ಟು ಏರಿಸಿದ್ದನ್ನು ಶಾಸಕರು ಉಲ್ಲೇಖಿಸುತ್ತಾರೆ. 2018ರ ನಂತರ ದರ ಏರಿಸದ ತಮಿಳುನಾಡನ್ನು ಮಾತ್ರ ಅದೇ ಉಸಿರಿನಲ್ಲಿ ಹೇಳುವುದಿಲ್ಲ. ತಮಿಳುನಾಡಿನ ನಿಗಮಗಳ ನಷ್ಟವೂ ದೊಡ್ಡದೇ ಇರುವುದರಿಂದ ಅದನ್ನು ಮಾದರಿ ಎಂದು ನಾನು ಹೇಳಲಾರೆ. ಹೋಲಿಸುವುದಾದರೆ ನಾಲ್ಕೂ ದಿಕ್ಕಿಗೆ ಹೋಲಿಸಬೇಕು ಎಂದಷ್ಟೇ ಹೇಳುತ್ತಿದ್ದೇನೆ. ಹಿಂದಿನ ಸರ್ಕಾರ ಎಷ್ಟು ಸಲ ಏರಿಸಿತ್ತು ಎಂಬ ಉತ್ತರವನ್ನಂತೂ ಪೂರ್ತಿ ಕೈಬಿಡಬಹುದು. ಟಿಕೆಟ್ ಕೊಳ್ಳುವಾಗ ಯಾರೂ ಅದನ್ನು ಕೇಳುವುದಿಲ್ಲ.

ಶೇ 15 ಎಂಬ ಅಂಕಿಯನ್ನೂ ಬಿಡಿಸಿ ನೋಡಬೇಕು. ಬಿಎಂಟಿಸಿಯ ಸಾಮಾನ್ಯ ಬಸ್ಸಿನಲ್ಲಿ 5 ರೂಪಾಯಿಯ ಕನಿಷ್ಠ ದರ 6 ಆಯಿತು. ಅದು ಶೇ 20ರ ಏರಿಕೆ. 25 ರೂಪಾಯಿಯ ಟಿಕೆಟ್ 28 ಆಯಿತು. ಅದು ಶೇ 12. ತಿಂಗಳ ಪಾಸ್ 1,050ರಿಂದ 1,200ಕ್ಕೆ ಹೋಯಿತು. ಎರಡು ಸ್ಟಾಪ್ ದೂರದ ಕೆಲಸಕ್ಕೆ ಹೋಗಿಬರುವ ಪೇಂಟರ್, ಗಾರೆ ಕೆಲಸದವನು, ಸೆಕ್ಯುರಿಟಿ ಗಾರ್ಡ್ ಕೊಡುವ ಪ್ರಮಾಣ, ದೂರ ಹೋಗುವವರು ಕೊಡುವುದಕ್ಕಿಂತ ಹೆಚ್ಚು. ರೂಪಾಯಿ ಲೆಕ್ಕದಲ್ಲಿ ದರವನ್ನು ಪೂರ್ಣಗೊಳಿಸುವಾಗ ಇಂಥ ಏರುಪೇರು ಆಗುವುದು ಸಹಜ ಎಂದು ಒಪ್ಪೋಣ. ಆದರೆ ಅದು ಕಡಿಮೆ ದೂರದವರ ಮೇಲೆಯೇ ಏಕೆ ಬೀಳಬೇಕು ಎಂಬುದನ್ನು ಕೇಳಲು ಒಂದು ಜಾಗ ಬೇಕಲ್ಲವೇ?

ಆ ಜಾಗ ಇಲ್ಲದಿರುವುದೇ ಇಡೀ ಸಮಸ್ಯೆಯ ಬುಡದಲ್ಲಿದೆ ಎಂದು ನನಗನ್ನಿಸುತ್ತದೆ. ವಿದ್ಯುತ್ ದರವನ್ನು ತೆಗೆದುಕೊಳ್ಳಿ. ವಿದ್ಯುತ್ ಸರಬರಾಜು ಕಂಪನಿಗಳಾದ ಎಸ್ಕಾಂಗಳು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಮುಂದೆ ಅರ್ಜಿ ಸಲ್ಲಿಸಬೇಕು, ಅದನ್ನು ಪ್ರಕಟಿಸಬೇಕು, ಗ್ರಾಹಕರು ಆಕ್ಷೇಪಣೆ ಕೊಡಬಹುದು, ಬಹಿರಂಗ ವಿಚಾರಣೆ ನಡೆಯುತ್ತದೆ, ಆಯೋಗದ ಆದೇಶದಲ್ಲಿ ಕಾರಣಗಳಿರುತ್ತವೆ. 2025ರ ಏಪ್ರಿಲ್‌ನಿಂದ ಬಿಲ್ಲಿನಲ್ಲಿ ಯೂನಿಟ್ಟಿಗೆ 36 ಪೈಸೆಯಂತೆ ಸೇರಿದ ಪಿಂಚಣಿ ಮತ್ತು ಗ್ರಾಚ್ಯುಯಿಟಿ ಸರ್‌ಚಾರ್ಜ್ ನನಗೆ ಹಿಡಿಸಿಲ್ಲ. ಆದರೂ ಅದು ಏನು, ಯಾರಿಗೆ ಹೋಗುತ್ತದೆ, ಮುಂದಿನ ವರ್ಷಗಳಲ್ಲಿ ಎಷ್ಟಿರುತ್ತದೆ ಎಂಬುದು ಆದೇಶದಲ್ಲಿ ಬರೆದಿದೆ. ಬಸ್ ದರ ಹಾಗಲ್ಲ. 1988ರ ಮೋಟಾರು ವಾಹನ ಕಾಯ್ದೆಯ 67ನೇ ಸೆಕ್ಷನ್ ದರ ನಿಗದಿಯ ಅಧಿಕಾರವನ್ನು ರಾಜ್ಯ ಸರ್ಕಾರದ ಕೈಗೆ ಕೊಟ್ಟಿದೆ. ಗುರುವಾರ ಸಂಪುಟ ತೀರ್ಮಾನಿಸಿದರೆ ಭಾನುವಾರ ಯಂತ್ರದಲ್ಲಿ ಹೊಸ ದರ ಬರುತ್ತದೆ, ಜನವರಿಯಲ್ಲಿ ಆದದ್ದೂ ಅದೇ. ನಡುವೆ ಪ್ರಯಾಣಿಕನ ಮಾತು ಕೇಳುವ ಹಂತವೇ ಇಲ್ಲ. ಹಾಗಾಗಿ ಏರಿಕೆಯಾದ ಮೇಲೆ ಶಾಸಕರು ಆಡುವ ಮಾತೇ ಬಸ್ ಪ್ರಯಾಣಿಕನಿಗೆ ಸಿಗುವ ಏಕೈಕ ವಿವರಣೆ. ಅದಕ್ಕೇ ಆ ಮಾತು ಭಾಷಣದ ಧಾಟಿಯಲ್ಲಿದ್ದರೆ ಸಾಲದು.

ದರ ನಿಗದಿಗೆ ಪ್ರತ್ಯೇಕ ಸಮಿತಿ ಇರಲಿ ಎಂಬ ಮಾತು ಈಗ ಸರ್ಕಾರದ ಕಡೆಯಿಂದಲೇ ಬಂದಿದೆ. ಸ್ವಾಗತ. ಆದರೆ ಸಮಿತಿ ಇದ್ದ ಮಾತ್ರಕ್ಕೆ ಆಗದು ಎಂಬುದಕ್ಕೆ ಬೆಂಗಳೂರಿನ ‘ನಮ್ಮ ಮೆಟ್ರೊ’ ಕಣ್ಣೆದುರಿಗಿದೆ. ಅಲ್ಲಿ ಕಾನೂನಿನ ಪ್ರಕಾರ ನಿವೃತ್ತ ನ್ಯಾಯಮೂರ್ತಿಯವರ ಅಧ್ಯಕ್ಷತೆಯ ಸಮಿತಿಯೇ ದರವನ್ನು ಶಿಫಾರಸು ಮಾಡಿತು. 2025ರ ಫೆಬ್ರುವರಿ 9ರಂದು ಹೊಸ ದರ ಬಂದಾಗ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿತ್ತು, ಕೆಲವು ಮಾರ್ಗಗಳಲ್ಲಿ ದರ ಹೆಚ್ಚುಕಡಿಮೆ ಇಮ್ಮಡಿಯಾಗಿತ್ತು. ಜನ ಸಿಟ್ಟಾದ ಮೇಲೆ ಏರಿಕೆಯನ್ನು ಶೇ 71ಕ್ಕೆ ಮಿತಿಗೊಳಿಸಲಾಯಿತು. ರಾಜ್ಯದ ಆಡಳಿತ ಪಕ್ಷದವರು ಇದು ಕೇಂದ್ರ ನೇಮಿಸಿದ ಸಮಿತಿಯ ತೀರ್ಮಾನ ಎಂದರು. ಕೇಂದ್ರದ ಕಡೆಯವರು ದರ ಪರಿಷ್ಕರಣೆ ಕೇಳಿದ್ದು ರಾಜ್ಯವೇ ಎಂದರು. ಮೆಟ್ರೊ ನಿಗಮದಲ್ಲಿ ಇಬ್ಬರದೂ ಸಮಪಾಲು. ದರ ಏರಿಕೆಯ ಕಾರಣಗಳಿದ್ದ ವರದಿ ಜನರ ಕೈಗೆ ಸಿಕ್ಕಿದ್ದು, ವಿಷಯ ಹೈಕೋರ್ಟ್ ಮೆಟ್ಟಿಲು ಹತ್ತಿದ ಮೇಲೆ, ಸೆಪ್ಟೆಂಬರ್‌ನಲ್ಲಿ. ಏಳು ತಿಂಗಳು ಜನ ಹೊಸ ದರ ಕೊಟ್ಟರು, ಕಾರಣ ಗೊತ್ತಿಲ್ಲದೆ. ಬಸ್ ದರದ ಸಮಿತಿಯೂ ಇದೇ ದಾರಿ ಹಿಡಿದರೆ ಶಾಸಕರಿಗೆ ಹೊಣೆ ಜಾರಿಸಲು ಇನ್ನೊಂದು ನೆಪ ಸಿಕ್ಕಂತಾಗುತ್ತದೆ, ಪ್ರಯಾಣಿಕನಿಗೆ ಏನೂ ಸಿಗುವುದಿಲ್ಲ.

ಸಮರ್ಥನೆ ಹೇಗಿರಬಹುದು ಎಂಬುದಕ್ಕೆ ಸರ್ಕಾರದ ಬಳಿಯೇ ಉದಾಹರಣೆ ಇದೆ. 2025ರ ಏಪ್ರಿಲ್‌ನಲ್ಲಿ ನಂದಿನಿ ಹಾಲಿನ ದರ ಲೀಟರಿಗೆ 4 ರೂಪಾಯಿ ಏರಿದಾಗ ಆ ಹಣ ಹಾಲು ಉತ್ಪಾದಕರಿಗೆ ಹೋಗುತ್ತದೆ ಎಂದು ಸರ್ಕಾರ ಹೇಳಿತು. ನಾನು ಸಂಘಕ್ಕೆ ಹಾಲು ಹಾಕುವವನೂ ಹೌದು. ಪೇಟೆಯಲ್ಲಿರುವ ಮಗಳ ಮನೆಯವರು ಪ್ಯಾಕೆಟ್ ಕೊಳ್ಳುವವರು. ಹೇಳಿದ ಮಾತು ನಿಜವೋ ಸುಳ್ಳೋ ಎಂದು ಸಂಘದ ಪಾಸ್‌ಬುಕ್ ತೆರೆದು ನಾನು ತಾಳೆ ನೋಡಬಹುದು. ಹೀಗೆ ತಾಳೆ ನೋಡಬಹುದಾದ ಉತ್ತರ ಕೊಟ್ಟರೆ ಜನ ಏರಿಕೆಯನ್ನೂ ಸಹಿಸುತ್ತಾರೆ. ಬಸ್ ದರದಿಂದ ಬಂದ ಹೆಚ್ಚುವರಿ ಹಣ ಎಷ್ಟು, ಅದರಲ್ಲಿ ಹೊಸ ಬಸ್ಸಿಗೆ ಎಷ್ಟು, ನೌಕರರ ಬಾಕಿಗೆ ಎಷ್ಟು, ಸಾಲದ ಬಡ್ಡಿಗೆ ಎಷ್ಟು ಎಂದು ಅದೇ ರೀತಿ ಹೇಳಲು ಯಾರೂ ಅಡ್ಡಿ ಮಾಡಿಲ್ಲ.

ಶಾಸಕರ ಕೈಯಲ್ಲಿ ಇದಕ್ಕೆ ಬೇಕಾದ ಸಾಧನಗಳೆಲ್ಲ ಇವೆ. 1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆಯಡಿ ನಿಗಮಗಳ ಲೆಕ್ಕಪತ್ರ ತಪಾಸಣೆಯಾಗಿ ಸದನದ ಮುಂದೆ ಬರುತ್ತದೆ; ತಪಾಸಣೆ ಮಾಡುವವರು ಮಹಾಲೇಖಪಾಲರು (ಸಿಎಜಿ). ಅದೇ ಕಾಯ್ದೆ ನಿಗಮವು ವ್ಯಾವಹಾರಿಕ ತತ್ವಗಳಿಗೆ ಅನುಗುಣವಾಗಿ ನಡೆಯಬೇಕು ಎನ್ನುತ್ತದೆ. ತನ್ನ ಅತಿ ದೊಡ್ಡ ಗಿರಾಕಿಯಿಂದ ಬಾಕಿ ವಸೂಲಿಯಾಗದ ಸಂಸ್ಥೆ ಆ ತತ್ವದಂತೆ ನಡೆಯುವುದು ಹೇಗೆ ಎಂದು ಸಾರ್ವಜನಿಕ ಉದ್ದಿಮೆಗಳ ಸಮಿತಿಯಲ್ಲಿ ಕೇಳಬಹುದು. ಈ ಸಮಿತಿಯಲ್ಲಿ ಆಡಳಿತ ಪಕ್ಷದವರೂ ಇರುತ್ತಾರೆ. ಪ್ರಶ್ನೋತ್ತರ ವೇಳೆಯಂತೂ ಎಲ್ಲರಿಗೂ ಇದೆ. ಸ್ವಪಕ್ಷದ ಸರ್ಕಾರವನ್ನು ಪ್ರಶ್ನೆ ಕೇಳಿದರೆ ಸಚಿವರು ಬೇಸರ ಮಾಡಿಕೊಂಡಾರು ಎಂಬ ಅಳುಕು ಬೇಡ. ಸಾರಿಗೆ ಸಚಿವರಾದ ರಾಮಲಿಂಗಾರೆಡ್ಡಿಯವರು ನಿಗಮಗಳ ಕಷ್ಟವನ್ನು ತಾವೇ ಹಲವು ಸಲ ಹೇಳಿಕೊಂಡಿದ್ದಾರೆ. ಹಣಕಾಸು ಇಲಾಖೆಯಿಂದ ಬಾಕಿ ಬಿಡುಗಡೆ ಮಾಡಿಸಲು ಇಂಥ ಪ್ರಶ್ನೆಗಳು ಅವರಿಗೇ ಬಲ ಕೊಟ್ಟಾವು.

ಆದ್ದರಿಂದ ಬಸ್ ದರವನ್ನು ಇನ್ನು ಮುಂದೆ ಸಮರ್ಥಿಸುವ ಶಾಸಕರಲ್ಲಿ ನನ್ನ ವಿನಂತಿ ಇದು: ಶಕ್ತಿ ಯೋಜನೆಯ ಬಾಬ್ತು ಪ್ರತಿ ನಿಗಮಕ್ಕೆ ಬರಬೇಕಾದ ಹಣ, ಬಂದ ಹಣ ಮತ್ತು ಉಳಿದ ಬಾಕಿಯನ್ನು ಮೂರು ತಿಂಗಳಿಗೊಮ್ಮೆ ಪ್ರಕಟಿಸುವಂತೆ ಸರ್ಕಾರದಿಂದ ಭರವಸೆ ಪಡೆಯಿರಿ. ನಿಗಮಗಳು ಡೀಸೆಲ್ ಮೇಲೆ ಕಟ್ಟಿದ ರಾಜ್ಯದ ತೆರಿಗೆ ಎಷ್ಟು ಎಂದು ಸದನದಲ್ಲಿ ಕೇಳಿರಿ. ದರ ಸಮಿತಿ ಬರುವುದಾದರೆ ಬಹಿರಂಗ ವಿಚಾರಣೆಯನ್ನೂ, ದರ ಜಾರಿಯಾಗುವ ಮೊದಲೇ ವರದಿ ಪ್ರಕಟಿಸುವುದನ್ನೂ ನಿಯಮದಲ್ಲಿಯೇ ಬರೆಸಿರಿ, ವಿಚಾರಣೆಗಳು ಬೆಂಗಳೂರಿನ ಜೊತೆಗೆ ಹುಬ್ಬಳ್ಳಿ, ಕಲಬುರಗಿಗಳಲ್ಲಿಯೂ ನಡೆಯಲಿ. ಮತ್ತು ನಿಮ್ಮ ತಾಲ್ಲೂಕಿನ ಡಿಪೊದಲ್ಲಿ ಕಳೆದ ತಿಂಗಳು ರದ್ದಾದ ಟ್ರಿಪ್ಪುಗಳ ಪಟ್ಟಿಯನ್ನು ಕಾರಣ ಸಮೇತ ತರಿಸಿಕೊಂಡು ಮುಂದಿನ ಜನಸ್ಪಂದನ ಸಭೆಯಲ್ಲಿ ಓದಿ ಹೇಳಿರಿ.

ಇತಿ,
ನಿವೃತ್ತ ಲೆಕ್ಕಪರಿಶೋಧಕ, ತಿಪಟೂರು ತಾಲ್ಲೂಕು